ದಪ್ಪ ಚುಕ್ಕಿ

…ಎಲ್ರನ್ನೂ ಅಡುಗೆಕೋಣೆಗೆ ಅಟ್ಟಿದೀನಿ, ಇನ್ಯಾರೂ ಇಲ್ಲ ಇಲ್ಲಿ. ಕೇಕ್ ಎಲ್ಲೂ ಓಡಿಹೋಗಲ್ಲ, ಕಾಫಿ ಆರಿದ್ರೆ ಇನ್ನೊಂದ್ಸಲ ಮಾಡ್ಕೋತಾರೆ. ಆಫೀಸಿನ ಮೈ-ಬ್ರಿಟ್‌ಗೆ ಹೇಳ್ದೆ, ಹುಡುಗಿ ಬೆಳಗ್ಗಿಂದ ಏನೂ ತಿಂದಿಲ್ಲ, ತಲೆ ಸುತ್ತು ಬಂದಿದೆ, ಸ್ವಲ್ಪ ಹೊತ್ತು ಬಿಡಿ ಅಂತ. ಯಾಕೆ ಹುಬ್ಬು ಗಂಟು ಹಾಕ್ತೀಯ? ನೀನು ಏಲಕ್ಕಿ ಬನ್ ತಿಂದಿದ್ದು ನಾನೂ ನೋಡಿದೀನಿ, ಅದೂ ಎರಡು. ಏನಾದ್ರೂ ಹೇಳ್ಬೇಕಿತ್ತಲ್ಲ… ಇಡೀ ಸಂಸ್ಥೆ ಕ್ಯಾಮೆರಾ ಹಿಡ್ಕೊಂಡು ನಿಂತಿತ್ತು, ನೀನು ಸುತ್ತಿಗೆ ಎತ್ತಿದೆ, ಬಾಗಿಲ ಕಡೆ ಒಂದ್ಸಲ ನೋಡ್ದೆ, ಹಾಗೇ ಕೆಳಗಿಳಿಸ್ಬಿಟ್ಟೆ. ಓಡಿಹೋಗೋಕೆ ದಾರಿ ಹುಡುಕೋರು ನೋಡೋ ಹಾಗೆ ನೋಡ್ದೆ ಕಣೇ.

ಬೇಡ, ತಡಿ. ನೀನು ಬಾಯಿ ತೆಗೀಬೇಡ. ಮೊದ್ಲು ನಾನು ಹೇಳ್ತೀನಿ, ಆಮೇಲೆ ನೀನು.

ನೋಡು ಹಿಲ್ಲೆವಿ, ಈ ಮೊಳೆ ಹೊಡೆಯೋದು ಅನ್ನೋದು ಬರೀ ಆಟ ಅಂತ ನಾನೂ ನನ್ನ ಕಾಲದಲ್ಲಿ ಅಂದ್ಕೊಂಡಿದ್ದೆ. ಕಂಪ್ಯೂಟರಿನಲ್ಲಿ ಎಲ್ಲಾ ಇರೋವಾಗ ಯಾವ ಊರಲ್ಲಿ ಪಿಎಚ್‌ಡಿ ಪುಸ್ತಕಕ್ಕೆ ತೂತು ಕೊರೆದು, ದಾರ ಹಾಕಿ, ಹಲಗೆಗೆ ಮೊಳೆ ಹೊಡೀತಾರೆ ಹೇಳು? ನಮ್ಮಲ್ಲಿ ಮಾತ್ರ. ಆದ್ರೆ ಹೊಡೆದ್ ಮೇಲೆ ಹೊಡೆದ್ಹಾಗೆ. ಆಮೇಲೆ ಅದು ನಿಂದಲ್ಲ, ಲೋಕದ್ದು. ಬಂದವರು ಹೋದವರು ಬಿಡಿಸಿ ಓದ್ತಾರೆ. ಮೂರು ವಾರ ಆದ್ಮೇಲೆ ಹೊರಗಿನ ಪರೀಕ್ಷಕ, ನಾವು ಎದುರಾಳಿ ಅನ್ನೋನು, ಬರ್ತಾನೆ, ಎಲ್ಲರ ಎದುರಿಗೆ ಪ್ರಶ್ನೆ ಕೇಳ್ತಾನೆ, ನೀನು ಉತ್ತರ ಹೇಳ್ತೀಯ, ಸಂಜೆ ಊಟ, ಕುಣಿತ, ಬೆಳಗಾದ್ರೆ ಡಾಕ್ಟರ್ ಹಿಲ್ಲೆವಿ. ಮುಂದಿನ ತಿಂಗಳು ವಿಯೆನ್ನಾದಲ್ಲಿ ಕೆಲಸ. ಇವತ್ತು ಮೊಳೆ ಹೊಡೀಲಿಲ್ಲಾ… ಎದುರಾಳಿ ಇಲ್ಲ, ಪದವಿ ಇಲ್ಲ, ವಿಯೆನ್ನಾನೂ ಇಲ್ಲ. ಅವರು ನಿಂಗೋಸ್ಕರ ಆ ಜಾಗ ಖಾಲಿ ಇಟ್ಕೊಂಡು ಕೂತಿರಲ್ಲ. ಇದೆಲ್ಲಾ ನಿಂಗೆ ಗೊತ್ತು. ಗೊತ್ತಿದ್ದೂ ಕೈ ಇಳಿಸ್ದೆ ಅಂದ್ರೆ…

ಹ್ಞೂಂ. ನಂಗೂ ಗೊತ್ತಾಯ್ತು ಬಿಡು.

ಇಲ್ಲ, ಹೇಳ್ಬೇಡ ಅಂದ್ನಲ್ಲ. ಹೋದ ವಾರ ನೀನು ಬಂದು ಹಳೇ ಫ್ರೀಜರಿನ ಬೀಗದ ಕೈ ಕೇಳ್ದಾಗ್ಲೇ ನಂಗೆ ಅನ್ನಿಸ್ತು. ಬಿಟ್ಟು ಹೋಗೋವ್ರು ತಮ್ಮ ಸ್ಯಾಂಪಲ್ ಡಬ್ಬಿ ಖಾಲಿ ಮಾಡಿ ಹೋಗ್ಬೇಕು, ಅದು ನಿಯಮ, ಸರಿ. ಆದ್ರೆ ಅಲ್ಲಿ ನಿನ್ನ ಡಬ್ಬಿ ಮೇಲಿನ ಅರೆಯಲ್ಲಿ ತಾನೇ ಇರೋದು? ಅರ್ಧ ಗಂಟೆ ಏನ್ ಮಾಡ್ತಿದ್ದೆ? ಆಮೇಲೆ ಮೊನ್ನೆ ಊಟದ ಹೊತ್ತಲ್ಲಿ, ಎಲ್ರ ಮಧ್ಯೆ, ಹೆರಿಂಗ್ ಮೀನಿನ ಮುಳ್ಳು ಬಿಡಿಸ್ತಾ ಬಿಡಿಸ್ತಾ, ‘ಗುನ್ವರ್, ಆ ಟೆರ್ಪ್‌ಸ್ಟ್ರಾ ಈಗೆಲ್ಲಿದಾರೆ?’ ಅಂದೆ. ಎಷ್ಟು ಸಹಜವಾಗಿ ಕೇಳ್ದೆ! ಮುಳ್ಳು ನಿನ್ನ ತಟ್ಟೇಲಿ ಇತ್ತು, ನನ್ನ ಗಂಟಲಲ್ಲಿ ಸಿಕ್ಕಾಕೊಂಡಿತು.

ಟೆರ್ಪ್‌ಸ್ಟ್ರಾ ಎಲ್ಲಿದಾನೆ… ಹಾಲೆಂಡಿನಲ್ಲಿ ಯಾವುದೋ ಶಾಲೇಲಿ ಮೇಷ್ಟ್ರು. ಕಪ್ಪೆ ಕೊಯ್ಯೋದು ಕಲಿಸ್ತಾನೆ. ಈಗ ಕಪ್ಪೆನೂ ಕೊಯ್ಯಲ್ವಂತೆ, ಚಿತ್ರ ತೋರಿಸ್ತಾರಂತೆ. ಸುಖವಾಗಿದಾನೆ. ನಾಕು ಗಂಟೆಗೆ ಮನೆ, ಸೈಕಲ್ಲು, ತೋಟ. ನನಗಿಂತ ಸುಖವಾಗಿದಾನೆ ಅಂತ ಇಟ್ಕೋ.

ಸರಿ, ಮೊದಲಿಂದ ಬರ್ತೀನಿ. ನೀನು ಏನನ್ನ ಹಿಡ್ಕೊಂಡು ನಿಂತಿದೀಯ, ಅದರೊಳಗೆ ಏನಿದೆ ಅಂತ ಒಂದ್ಸಲ ನೆನಪು ಮಾಡ್ತೀನಿ. ನಗು, ನಗು. ನಿನ್ನ ಪುಸ್ತಕನ ನಿಂಗೇ ಓದಿ ಹೇಳೋ ಮುದುಕಿ ಅಂತ ನಗು.

ಮಾಂಗೆಲ್. ಆ ಹೆಸರಿಟ್ಟಿದ್ದೇ ನಾನು. ಆವಾಗ ನಾನಿದ್ದ ಕಟ್ಟಡದ ಬಟ್ಟೆ ಒಗೆಯೋ ಕೋಣೇಲಿ ಹಾಸುಬಟ್ಟೆ ಒತ್ತೋ ದೊಡ್ಡ ಉರುಳೆ ಇತ್ತು, ಮಾಂಗೆಲ್ಲು. ಒಬ್ಬಳೇ ಹೋದ್ರೆ ಬಟ್ಟೆ ಸುರುಟಿ ಉಂಡೆ ಆಗ್ತಿತ್ತು. ಆ ಕಡೆ ತುದಿ ಯಾರಾದ್ರೂ ಹಿಡೀಬೇಕು, ಎಳೀಬೇಕು, ಮಡಿಸ್ಬೇಕು. ಕೆಳಗಿನ ಮನೆ ಮುದುಕಿ ಬಂದು ಹಿಡ್ಕೊಳ್ತಿದ್ಲು, ಒಂದು ಮಾತಾಡದೆ, ಮಡಿಸಿ ಕೊಟ್ಟು ಹೋಗ್ತಿದ್ಲು. ಯೀಸ್ಟಿನೊಳಗೆ ಇದೇ ಕೆಲಸ ಮಾಡೋ ಜೀನ್ ಸಿಕ್ಕಾಗ ನಂಗೆ ಬೇರೆ ಹೆಸರು ಹೊಳೀಲೇ ಇಲ್ಲ. ಪ್ರೋಟೀನು ಹುಟ್ಟೋವಾಗ ಉದ್ದ ದಾರ, ಜೋಲು ಬಟ್ಟೆ. ಸರಿಯಾಗಿ ಮಡಿಸಿದ್ರೆ ಕೆಲಸಕ್ಕೆ ಬರುತ್ತೆ, ಇಲ್ದಿದ್ರೆ ಮುದ್ದೆ. ಮಾಂಗೆಲ್ ಬಂದು ಆ ಕಡೆ ತುದಿ ಹಿಡ್ಕೊಳ್ತಾಳೆ, ಮಡಿಕೆ ಬಿದ್ಮೇಲೆ ಬಿಟ್ಟು ಹೋಗ್ತಾಳೆ. ಅಷ್ಟೆ. ಹೆಸರಿಲ್ಲ, ಸನ್ಮಾನ ಇಲ್ಲ.

ಜಗಳ ಇದ್ದಿದ್ದು ಅದರಲ್ಲಲ್ಲ. ಜಗಳ ಇದ್ದಿದ್ದು ಕಿವಿ ವಿಷಯದಲ್ಲಿ. ಯೀಸ್ಟ್ ಅಂದ್ರೆ ಒಂದೇ ಒಂದು ಜೀವಕಣ, ಪಾಪ, ಅದಕ್ಕೂ ಸಂಗಾತಿ ಬೇಕು. ಗಂಡಿನ ವಾಸನೆ ಬಂದ್ರೆ ಹೆಣ್ಣು ಆ ಕಡೆ ಮೂತಿ ಚಾಚುತ್ತೆ. ಹೊರಗಡೆ ಬಂದ ವಾಸನೆ ಒಳಗಡೆಗೆ ಮುಟ್ಟಿಸೋಕೆ ಒಬ್ಬ ದೂತ ಇದಾನೆ, ಅವನೂ ಒಂದು ಪ್ರೋಟೀನೇ. ಪ್ರಶ್ನೆ ಏನು? ಆ ದೂತನನ್ನ ಮಡಿಸಿ ನಿಲ್ಲಿಸೋಕೂ ಮಾಂಗೆಲ್ ಬೇಕಾ ಬೇಡ್ವಾ? ಬೇಕು ಅಂದ ಟೆರ್ಪ್‌ಸ್ಟ್ರಾ. ಅವಳಿಲ್ದಿದ್ರೆ ದೂತ ಕುಸಿದು ಬೀಳ್ತಾನೆ, ಕಣ ಕಿವುಡಾಗುತ್ತೆ ಅಂದ. ಬೇಡ ಅಂದೆ ನಾನು. ನಾನು ಆ ಜೀನ್ ಕಿತ್ತು ಬಿಸಾಕಿದೆ, ನನ್ನ ಕಣ ನಿಧಾನವಾಗಿ ಬೆಳೀತು, ನಿಜ, ಆದ್ರೆ ವಾಸನೆ ಹಾಕಿದ್ ತಕ್ಷಣ ಮೂತಿ ಚಾಚ್ತು. ಕೇಳಿಸ್ತು ಅದಕ್ಕೆ! ಫೋಟೋ ಇದೆ. ಆ ಫೋಟೋ ಪಠ್ಯಪುಸ್ತಕಕ್ಕೆ ಹೋಯ್ತು. ನಂಗೆ ಈ ಕುರ್ಚಿ ಬಂತು, ಈ ಲ್ಯಾಬು ಬಂತು, ನೀನು ಬಂದೆ. ನಿನ್ನ ಪುಸ್ತಕದ ಐದೂ ಅಧ್ಯಾಯ ಆ ಒಂದು ಕಣದ ಮೊಮ್ಮಕ್ಕಳು ಮರಿಮಕ್ಕಳ ಮೇಲೇ ನಿಂತಿದೆ. ಆಮೇಲೆ ನಮ್ಮ ಕಣ ಬೇಕು ಅಂದವರಿಗೆಲ್ಲಾ ಟ್ಯೂಬಿನಲ್ಲಿ ಹಾಕಿ ಕಳಿಸ್ದೆ. ಪ್ಯಾರಿಸ್‌ಗೆ, ಟೋಕಿಯೋಗೆ. ಎಲ್ರಿಗೂ ಕೇಳಿಸ್ತು. ಟೆರ್ಪ್‌ಸ್ಟ್ರಾ ಒಬ್ಬನೇ ನಂದು ಬೇಡ ಅಂತ ತಾನೇ ಸ್ವಂತ ಮಾಡ್ಕೊಂಡ. ಅವನ ಕಣ ಕಿವುಡಾಗಿತ್ತು.

ಅವನನ್ನ ನೀನು ನೋಡಿಲ್ಲ. ಉದ್ದಕೆ, ಒಣಕಲು, ಮಾತಾಡೋವಾಗ ಕಿವಿ ಕೆಂಪಾಗ್ತಿತ್ತು. ಡೆನ್ಮಾರ್ಕಿನ ಸಮ್ಮೇಳನದಲ್ಲಿ ಎದ್ದು ನಿಂತು ತನ್ನ ಚಿತ್ರ ತೋರಿಸ್ದ. ಒಂದೂ ಮೂತಿ ಚಾಚಿಲ್ಲ, ಎಲ್ಲಾ ಬಟಾಣಿ ಕಾಳಿನ ಹಾಗೆ ದುಂಡಗೆ ಕೂತಿವೆ. ಪ್ರಶ್ನೆ ಇದೆಯಾ ಅಂದ್ರು. ನಾನು ಕೈ ಎತ್ತಿದೆ. ‘ನಿಮ್ಮ ಯೀಸ್ಟ್ ಕಿವುಡಲ್ಲ, ಅದಕ್ಕೆ ನಿಮ್ಮ ಜೊತೆ ಮಾತು ಬೇಡ ಅನ್ಸುತ್ತೆ ಅಷ್ಟೆ’ ಅಂದೆ.

ನಗ್ಬೇಡ. ಆವತ್ತು ಇಡೀ ಸಭೆ ನಕ್ತು. ಈಗ ನೀನೂ ನಕ್ರೆ ನಂಗೆ ತಡ್ಕೊಳ್ಳೋಕಾಗಲ್ಲ. ಅವನೂ ನಕ್ಕ ಕಣೇ, ಅದೇ ಕೆಟ್ಟದ್ದು. ಎಲ್ಲರ ಜೊತೆ ತಾನೂ ನಕ್ಕು, ಕಾಗದ ಜೋಡಿಸ್ಕೊಂಡು ಕೆಳಗಿಳಿದ. ಆಮೇಲೆ ಅವನಿಗೆ ಯಾರೂ ದುಡ್ಡು ಕೊಡ್ಲಿಲ್ಲ. ಯೀಸ್ಟ್ ಬೆಳೆಸೋಕೆ ಬರದೇ ಇರೋನು ಅಂತ ಹೆಸರು ಬಿತ್ತು. ಆ ಹೆಸರು ಬಿದ್ಮೇಲೆ ನಮ್ಮ ಕೇರೀಲಿ ಯಾರು ನೀರು ಹಾಕ್ತಾರೆ?

ಏನು? ಸುತ್ತಿಗೆ ಭಾರ ಆಗ್ತಿದ್ಯಾ? ಕೊಡು ಇಲ್ಲಿ… ಬೇಡ್ವಾ? ಸರಿ, ಇಟ್ಕೋ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ನೀನು ಕೇಳಿಲ್ಲ, ಗೊತ್ತು. ನಿನ್ನ ಮುಖ ಕೇಳ್ತಿದೆ. ಜೀನ್ ಕಿತ್ತ ಮಾರನೆ ವಾರ ಯೀಸ್ಟ್ ಬೆಳೆಸೋ ತಟ್ಟೆ ತೆಗೆದು ನೋಡಿದ್ರೆ ಏನ್ ಕಾಣುತ್ತೆ, ನೀನೇ ಎಷ್ಟು ಸಲ ನೋಡಿದೀಯ, ಬೇರೆ ಬೇರೆ ಜೀನಿಗೆ. ತಟ್ಟೆ ತುಂಬಾ ಸಣ್ಣ ಸಣ್ಣ ಚುಕ್ಕಿ, ಒಂದೊಂದೂ ಒಂದೊಂದು ಕಣದ ಸಂಸಾರ, ಗಸಗಸೆ ಚೆಲ್ಲಿದ ಹಾಗೆ, ಕಣ್ಣು ಕಿರಿದು ಮಾಡಿ ನೋಡ್ಬೇಕು. ಮಧ್ಯ ಮಧ್ಯ ಒಂದೋ ಎರಡೋ ದಪ್ಪ ಚುಕ್ಕಿ. ಬೆಳ್ಳಗೆ, ಹೊಳೀತಾ, ಬೆಣ್ಣೆ ಇಟ್ಟ ಹಾಗೆ. ಕೈಯಲ್ಲಿ ಹಲ್ಲುಕಡ್ಡಿ ಹಿಡ್ಕೊಂಡಿದೀಯ. ಯಾವುದಕ್ಕೆ ಚುಚ್ತೀಯ?

ಹೇಳ್ಬೇಡ, ನಂಗೆ ಗೊತ್ತು ನೀನು ಯಾವುದಕ್ಕೆ ಚುಚ್ತೀಯ ಅಂತ. ಎಲ್ರೂ ದಪ್ಪದ್ದಕ್ಕೇ ಚುಚ್ತಾರೆ. ಕೈ ತಾನೇ ಹೋಗುತ್ತೆ. ಸಣ್ಣದನ್ನ ತಗೊಂಡ್ರೆ ಅದು ಬೆಳೆಯೋಕೆ ವಾರ ಬೇಕು, ಅರ್ಧ ಸಾಯುತ್ತೆ, ಮೇಲಿನವರು ಫಲಿತಾಂಶ ಎಲ್ಲಿ ಅಂತಾರೆ. ದಪ್ಪದ್ದು ಮಾರನೆ ದಿನಕ್ಕೇ ಕೊಡ ತುಂಬಾ ಆಗುತ್ತೆ. ನಮ್ಮ ಹಳೇ ಪ್ರೊಫೆಸರು ಹೇಳೋರು, ಕಾಯಿಲೆ ಕಣಗಳ ಮಧ್ಯೆ ಒಂದು ಮಾತ್ರ ಗುಂಡುಗುಂಡಾಗಿದ್ರೆ ಅದು ಆರೋಗ್ಯ ಅಲ್ಲ, ಅದು ಕಳ್ಳ. ಒಳಗೆ ಇನ್ನೇನೋ ಮುರಿದಿರುತ್ತೆ, ಆ ಎರಡನೇ ತಪ್ಪು ಮೊದಲ್ನೇ ತಪ್ಪನ್ನ ಮುಚ್ಚಿರುತ್ತೆ ಅಂತ. ಸಣ್ಣದಕ್ಕೇ ಚುಚ್ಚಿ ಅನ್ನೋರು. ಅವರು ಹೇಳೋರು, ನಾವು ಹ್ಞೂಂಗುಟ್ಟೋವು, ಅವರು ಬೆನ್ನು ತಿರುಗಿಸಿದ್ ತಕ್ಷಣ ದಪ್ಪದಕ್ಕೆ ಚುಚ್ಚೋವು.

ಆಯ್ತು, ದಪ್ಪದಕ್ಕೆ ಚುಚ್ಚಿದೆ. ಅದರಲ್ಲೇನಿದೆ? ಚಿಕ್ಕ ವಯಸ್ಸು. ಬೇಕೂಂತ ಮಾಡಿದ್ದಲ್ಲ. ನಿಜವಾಗ್ಲೂ ಮೂತಿ ಚಾಚಿತ್ತಲ್ಲ ಅದು! ಫೋಟೋಗೆ ನಾನು ಬಣ್ಣ ಬಳಿದಿಲ್ಲ, ಅಂಕಿ ತಿದ್ದಿಲ್ಲ. ಕಂಡಿದ್ದು ಕಂಡ ಹಾಗೆ ಬರೆದೆ. ಯಾವ ಸಮಿತಿ ಬೇಕಾದ್ರೂ ಬರ್ಲಿ, ನನ್ನ ಕಡೆ ಬೆರಳು ತೋರಿಸೋಕಾಗಲ್ಲ. ಎರಡನೇ ವರ್ಷದಲ್ಲಿ ನೀನು ಕೇಳ್ದೆ, ಈ ಕಣದ ಪೂರ್ತಿ ಜೀನೆಲ್ಲಾ ಓದಿಸೋಣ್ವಾ, ಬೇರೇನಾದ್ರೂ ಮುರಿದಿದ್ರೆ ಗೊತ್ತಾಗುತ್ತೆ ಅಂತ. ದುಡ್ಡು ದಂಡ, ಬೇಡ ಅಂದೆ. ದುಡ್ಡಿತ್ತು. ಇರ್ಲಿ. ನೀನು ಮರು ಮಾತಾಡ್ಲಿಲ್ಲ, ಒಳ್ಳೇ ಹುಡುಗಿ ಅಂದ್ಕೊಂಡೆ. ನೀನು ಒಳಗೊಳಗೇ ಲೆಕ್ಕ ಇಟ್ಕೊಂಡಿದ್ದೆ ಅಂತ ನಂಗೇನು ಗೊತ್ತು.

ಆ ಸಣ್ಣ ಚುಕ್ಕಿಗಳನ್ನ ನಂಬ್ಕೊಂಡು ಏನ್ ಪಡ್ಕೊಳ್ತಿದ್ದೆ ಹೇಳು. ನಾನು ಹೇಳ್ತೀನಿ ಕೇಳು. ಏನೂ ಇಲ್ಲ. ವಾಸನೆ ಹಾಕು, ಸುಮ್ನೆ ಕೂತಿರ್ತವೆ. ಇನ್ನಷ್ಟು ಹಾಕು, ಕೂತಿರ್ತವೆ. ಕಾಫಿಗೆ ಹೋಗಿ ಬಾ, ಊಟಕ್ಕೆ ಹೋಗಿ ಬಾ, ಸಂಜೆವರೆಗೆ ಕಣ್ಣು ನೋಯಿಸ್ಕೊಂಡು ನೋಡು. ಒಂದು… ಒಂದೇ ಒಂದು ಮೂತಿ ಚಾಚಲ್ಲ. ಅಕ್ಕಪಕ್ಕ ಗಂಡು ತಂದು ಕೂರಿಸಿದ್ರೂ ಮುಖ ತಿರುಗಿಸ್ಕೊಂಡು ಬಟಾಣಿ ಕಾಳಿನ ಹಾಗೆ… ಸಾಯಂಕಾಲ ಲೈಟ್ ಆರಿಸೋವಾಗ್ಲೂ ಹಾಗೇ ಇದ್ವು…

ಏನು?

ಯಾಕೆ ಹಾಗೆ ನೋಡ್ತೀಯ? ಇಲ್ಲ, ಅದು… ಊಹೆ. ಹಾಗಿರುತ್ತೆ ಅಂತ ಊಹೆ ಮಾಡಿ ಹೇಳ್ದೆ. ಇಷ್ಟು ವರ್ಷ ಈ ಕೆಲಸ ಮಾಡಿದೀನಿ, ಅಷ್ಟು ಊಹೆ ಮಾಡೋಕಾಗಲ್ವಾ? ಟೆರ್ಪ್‌ಸ್ಟ್ರಾ ಚಿತ್ರದಲ್ಲಿ ನೋಡಿದ್ನಲ್ಲ, ಅದನ್ನೇ… ಲೈಟ್ ಆರಿಸೋವಾಗ? ಅಂದೆನಾ? ಬಾಯಿ ತಪ್ಪಿ ಅಂದಿರ್ಬೇಕು.

ನೀನು ಹೀಗೆ ಸುಮ್ನೆ ನಿಂತ್ರೆ ನಂಗೆ ಆಗಲ್ಲ ಹಿಲ್ಲೆವಿ. ಬೈ. ಕೂಗಾಡು. ಆ ಸುತ್ತಿಗೆ ತಗೊಂಡು ನನ್ನ ತಲೆ ಮೇಲೆ ಹೊಡಿ. ಹೀಗೆ ಪೆಕರನ ಹಾಗೆ ಕಣ್ಣು ಬಿಡ್ಬೇಡ. ಫ್ರೀಜರಿನ ತಳದಲ್ಲಿದ್ದ ಆ ಟ್ಯೂಬನ್ನ ನೀನು ತೆಗೆದು ನೋಡಾಗಿದೆ, ಬೆಳೆಸಿ ನೋಡಾಗಿದೆ, ನನ್ನ ಬಾಯಿಂದಾನೇ ಬರ್ಲಿ ಅಂತ ಕಾಯ್ತಿದೀಯ, ಅಷ್ಟೇ ತಾನೇ? ಬರುತ್ತೆ ಬಿಡು. ನಿಂಗೆ ಗೊತ್ತಾದ್ಮೇಲೆ ಇನ್ನು ಮುಚ್ಚಿಟ್ಟು ಏನು ಮಾಡ್ಲಿ?

ಡೆನ್ಮಾರ್ಕಿನಿಂದ ವಾಪಸ್ ಬಂದ ಚಳಿಗಾಲ. ಅವನ ಆ ನಗು ಕಣ್ಣಿಂದ ಹೋಗ್ತಿರ್ಲಿಲ್ಲ. ಅವನ ಬಾಯಿ ಮುಚ್ಚಿಸೋಣ, ಪೂರ್ತಿ ಮುಚ್ಚಿಸೋಣ ಅಂತಾನೇ ಶುರು ಮಾಡಿದ್ದು. ಕ್ರಿಸ್‌ಮಸ್ ರಜ, ಲ್ಯಾಬಿನಲ್ಲಿ ಯಾರೂ ಇಲ್ಲ. ಹೊಸದಾಗಿ ಜೀನ್ ಕಿತ್ತೆ, ಈ ಸಲ ಸಣ್ಣ ಚುಕ್ಕಿಗಳಿಗೆ ಚುಚ್ಚಿದೆ. ಸತ್ತದ್ದು ಸತ್ತು ಉಳಿದದ್ದನ್ನ ಮಗು ಸಾಕಿದ ಹಾಗೆ ಸಾಕಿದೆ. ವಾಸನೆ ಹಾಕಿದೆ. ಕಿವುಡು. ಎಲ್ಲವೂ ಕಿವುಡು. ಆ ಒಣಕಲ ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ. ಮಾಂಗೆಲ್ ಹಿಡ್ಕೊಂಡಿರದಿದ್ರೆ ದೂತ ನಿಲ್ಲೋದೇ ಇಲ್ಲ.

ತಟ್ಟೆಗಳನ್ನೆಲ್ಲಾ ಬೇಯಿಸಿ ಬಿಸಾಕಿದೆ. ಒಂದು ಟ್ಯೂಬ್ ಮಾತ್ರ… ಕೈ ಬರ್ಲಿಲ್ಲ. ಯಾಕೆ ಅಂತ ಕೇಳ್ಬೇಡ. ಅಷ್ಟು ಕಷ್ಟಪಟ್ಟು ಬದುಕಿಸಿದ್ದೆ. ಫ್ರೀಜರಿನ ತಳದಲ್ಲಿ, ಮಂಜಿನ ಕೆಳಗೆ ಇಟ್ಟೆ. ಇಷ್ಟು ವರ್ಷ ಅದು ಅಲ್ಲಿದೆ ಅಂತ ಗೊತ್ತಿದ್ದೇ ಬೀಗ ಹಾಕ್ತಾ ಬಂದೆ. ಫೆಬ್ರವರೀಲಿ ಅವನಿಗೆ ದುಡ್ಡು ಕೊಡೋ ಸಮಿತಿಯವರು ನನ್ನ ಅಭಿಪ್ರಾಯ ಕೇಳಿದ್ರು. ಹೌದು, ನನ್ನನ್ನೇ ಕೇಳಿದ್ರು. ನಾನು ಸುಳ್ಳು ಹೇಳ್ಲಿಲ್ಲ. ‘ಬೇರೆ ಯಾವ ಲ್ಯಾಬಿನಲ್ಲೂ ಇವರ ಫಲಿತಾಂಶ ಬಂದಿಲ್ಲ’ ಅಂದೆ. ಬೇರೆಯವರ ಕೈಲಿ ಇದ್ದಿದ್ದು ನನ್ನ ದಪ್ಪ ಚುಕ್ಕಿ ಅಲ್ವಾ? ಬರೋದಾದ್ರೂ ಹೇಗೆ?

ಆಮೇಲೆ ಅವನು ಶಾಲೆಗೆ ಹೋದ. ಸೈಕಲ್ಲು, ತೋಟ ಅಂತ ಈಗ ಅಂದ್ನಲ್ಲ… ಅದು ನಾನೇ ಕಟ್ಕೊಂಡಿರೋ ಕತೆ. ಅವನಿಗೆ ತೋಟ ಇದ್ಯೋ ಇಲ್ವೋ ನಂಗೊತ್ತಿಲ್ಲ.

ಈಗ ನಿನ್ನ ಸರದಿ. ಮಾತಾಡು. ಎಷ್ಟು ದಿನ ಆಯ್ತು ಗೊತ್ತಾಗಿ? ಪುಸ್ತಕ ಅಚ್ಚಿಗೆ ಹೋಗೋ ಮುಂಚೆನೋ ಆಮೇಲೋ? ಟ್ಯೂಬ್ ತೆಗೆದಿದ್ದು…

ಏನಿದು? ಫೋನ್ ಯಾಕೆ ನನ್ನ ಮುಖಕ್ಕೆ ಹಿಡೀತೀಯ? ಕನ್ನಡಕ ಇಲ್ಲ ಕಣೇ ನನ್ನ ಹತ್ರ. ಸ್ವಲ್ಪ ದೂರ ಹಿಡಿ. ‘ಕಾರು ನಿಲ್ಸೋಕೆ ಜಾಗ ಸಿಗ್ತಿಲ್ಲ. ಮೂರು ಸುತ್ತು ಹಾಕ್ದೆ. ಅಪ್ಪ ಬರೋವರೆಗೂ ಮೊಳೆ ಹೊಡೀಬೇಡ ಪುಟ್ಟಿ’…

ನಿಮ್ಮಪ್ಪ?

ನಿಮ್ಮಪ್ಪ ಬರ್ಲಿ ಅಂತ… ಅದಕ್ಕೇ ಬಾಗಿಲ ಕಡೆ ನೋಡಿದ್ದಾ? ಅದಕ್ಕೇ ಕೈ ಇಳಿಸಿದ್ದಾ? ಉತ್ತರದಿಂದ ರಾತ್ರಿ ಎಲ್ಲಾ ಕಾರ್ ಓಡಿಸ್ಕೊಂಡು ಬರ್ತಿದಾರೆ, ಅದಕ್ಕೆ. ಅಯ್ಯೋ. ಅಷ್ಟು ಹೇಳೋಕೆ ಎಷ್ಟು ಹೊತ್ತು ಬೇಕಿತ್ತು ನಿಂಗೆ? …ಹೌದು. ಹೌದು, ನಾನೇ ಬಾಯಿ ತೆಗೆಯೋಕೆ ಬಿಡ್ಲಿಲ್ಲ.

ಹಾಗಾದ್ರೆ ಫ್ರೀಜರ್? ಡಬ್ಬಿ ಖಾಲಿ ಮಾಡೋಕೆ? ಬರೀ ಅಷ್ಟಕ್ಕೇನಾ? ಟೆರ್ಪ್‌ಸ್ಟ್ರಾ ಯಾಕೆ ಮತ್ತೆ? …ಪುಸ್ತಕದ ಒಂದು ಪ್ರತಿ ಕಳಿಸೋಣ ಅಂತ. ನಿನ್ನ ಪೀಠಿಕೇಲಿ ಅವನ ಹೆಸರು ಬರುತ್ತಲ್ಲ, ಆ ಒಂದು ಸಾಲು, ‘ಈ ಫಲಿತಾಂಶ ಮತ್ತೆ ಬರಲಿಲ್ಲ’ ಅಂತ. ಅದಕ್ಕೆ ಮರ್ಯಾದೆಗೆ ಒಂದು ಪ್ರತಿ. ದೇವರೇ.

ಅಂದ್ರೆ ನಿಂಗೆ ಏನೂ ಗೊತ್ತಿರ್ಲಿಲ್ಲ. ಕುಂಬಳಕಾಯಿ ಕಳ್ಳ ಅಂತ ಯಾರೂ ಅಂದೇ ಇಲ್ಲ, ನಾನೇ ಹೆಗಲು ಮುಟ್ಟಿ ನೋಡ್ಕೊಂಡೆ. ಮುಟ್ಟಿ ನೋಡ್ಕೊಂಡಿದ್ದು ಮಾತ್ರ ಅಲ್ಲ, ಕಾಯಿ ತಂದು ಹೆಚ್ಚಿ ನಿನ್ನ ಮುಂದೆ ಇಟ್ಟೆ.

ಫೋನ್ ಜೇಬಿಗೆ ಹಾಕ್ಕೊಂಡೆ. ಸುತ್ತಿಗೆ ಮಾತ್ರ ಬಿಡ್ತಿಲ್ಲ.

ಕೇಳಿಲ್ಲಿ. ಕೇಳು ಮಗಳೇ. ಒಂದು ವಿಚಿತ್ರ ಹೇಳ್ಲಾ? ನಂಗೆ ಭಯ ಆಗ್ತಿಲ್ಲ. ಹಗುರ ಆಗ್ತಿದೆ. ನಿಜವಾಗ್ಲೂ. ಇಷ್ಟು ವರ್ಷ ಎದೆ ಮೇಲೆ ಕೂತಿದ್ದದ್ದು ಎದ್ದು ಆ ಕಡೆ ಹೋದ ಹಾಗೆ. ಸುತ್ತಿಗೆ ಕೆಳಗಿಡು. ನಾನು ಹೋಗಿ ಅಡುಗೆಕೋಣೇಲಿ ಎಲ್ರಿಗೂ ಹೇಳ್ತೀನಿ, ಮೊಳೆ ಇವತ್ತಿಲ್ಲ ಅಂತ. ವಿಯೆನ್ನಾದವರಿಗೆ ನಾನೇ ಬರೀತೀನಿ, ಕೈ ಮುಗೀತೀನಿ, ಒಂದು ವರ್ಷ ಕಾಯಿರಿ ಅಂತೀನಿ. ಆ ಟ್ಯೂಬ್ ತೆಗೆಯೋಣ, ಸಣ್ಣ ಚುಕ್ಕಿಯಿಂದ ಮತ್ತೆ ಶುರು ಮಾಡೋಣ. ಒಳ್ಳೇ ಪುಸ್ತಕ ಆಗುತ್ತೆ ಹಿಲ್ಲೆವಿ, ಇದಕ್ಕಿಂತ ಒಳ್ಳೇದು. ಟೆರ್ಪ್‌ಸ್ಟ್ರಾನ ಕರೆಸೋಣ. ಅವನ ಮುಂದೆ ನಿಂತ್ಕೊಂಡು… ಅದು ನನ್ನ ಪಾಡು. ನೀನು ಹೂಂ ಅನ್ನು ಸಾಕು. ನಂಗೆ ಒಬ್ಳಿಗೇ ಆಗಲ್ಲ, ಆಗೋದಾಗಿದ್ರೆ ಯಾವತ್ತೋ ಮಾಡ್ತಿದ್ದೆ. ಯಾರಾದ್ರೂ ಆ ಕಡೆ ತುದಿ ಹಿಡೀಬೇಕು.

ಹಿಲ್ಲೆವಿ?

ಏನು ನೋಡ್ತಿದೀಯ ಆ ಪುಸ್ತಕಾನ? ಹೊದಿಕೆ ಚೆನ್ನಾಗಿ ಬಂದಿದೆ, ಗೊತ್ತು. ನಿನ್ನ ಹೆಸರು ದೊಡ್ಡದಾಗಿ ಬಂದಿದೆ.

ಬಂದ್ರು ಅನ್ಸುತ್ತೆ. ಕಾಲ್ ಸಪ್ಪಳ. ಮೈ-ಬ್ರಿಟ್ ನಗು ಕೇಳಿಸ್ತಿದೆ, ಎಲ್ರನ್ನೂ ಕರ್ಕೊಂಡ್ ಬರ್ತಿದಾಳೆ. ಬೇಗ ಹೇಳು, ಏನ್ ಮಾಡೋಣ? ನೀನು ಹೇಳ್ತೀಯೋ ನಾನು ಹೇಳ್ಲೋ? ಕತ್ತು ಅಲ್ಲಾಡಿಸ್ತಿದೀಯ. ಹೂಂ ಅಂತಾನೋ ಉಹೂಂ ಅಂತಾನೋ? …ಉಹೂಂ. ಏನು ಉಹೂಂ? ನಾನು ಏನೂ ಹೇಳಿಲ್ಲ ಅಂತಾನಾ? ನೀನು ಏನೂ ಕೇಳಿಸ್ಕೊಂಡಿಲ್ಲ ಅಂತಾನಾ? ಎದುರಿಗೆ ನಿಂತು ಅಷ್ಟೂ ಕೇಳಿಸ್ಕೊಂಡು… ಬೇಡ ಹಿಲ್ಲೆವಿ. ನನ್ನ ಕಣ್ಣಾಣೆ ಬೇಡ. ನಿಂಗೆ ಇನ್ನೂ ಇಪ್ಪತ್ತೊಂಬತ್ತು. ಇದನ್ನ ಹೊತ್ಕೊಂಡು ಓಡಾಡೋದು ಹೇಗಿರುತ್ತೆ ಅಂತ ನಿಂಗೆ ಗೊತ್ತಿಲ್ಲ, ನಾನು ಹೇಳ್ತೀನಿ ಕೇಳು, ಬಾಗಿಲ ಕಡೆ ನೋಡ್ಕೊಂಡು ನಗೋದನ್ನ ಮೊದ್ಲು ನಿಲ್ಸು…

ಆ, ಬನ್ನಿ, ಬನ್ನಿ. ಹಿಲ್ಲೆವಿ ಅಪ್ಪ, ತೂರ್‌ಬ್ಯೋರ್ನ್ ಅಲ್ವಾ? ನಾನು ಗುನ್ವರ್. ಜಾಗ ಸಿಕ್ತಾ ಕೊನೆಗೂ? ನಮ್ಮ ಊರಲ್ಲಿ ಅದೊಂದು ಗೋಳು. ಇಲ್ಲ ಇಲ್ಲ, ತಡ ಏನಿಲ್ಲ, ನಿಮಗೋಸ್ಕರಾನೇ ಕಾಯ್ತಿದ್ವಿ. ಇಲ್ಲಿ ಮುಂದೆ ಬನ್ನಿ, ಇಲ್ಲಿಂದ ಚೆನ್ನಾಗಿ ಕಾಣುತ್ತೆ. ತಲೆ ಸುತ್ತಾ? ಈಗ ಸರಿ ಹೋಗಿದೆ ಮೈ-ಬ್ರಿಟ್. ಹ್ಞಾ… ಒಂದು ಮಾತು ಹೇಳ್ಬೇಕಿತ್ತು. ಎಲ್ರಿಗೂ. ಮೊಳೆ ಹೊಡೆಯೋ ಮುಂಚೆ, ನಾನು ಒಂದು ಮಾತು…

ಹಿಲ್ಲೆವಿ, ತಡಿ…

ಹೋಯ್ತು. ಮೊಳೆ ಪೂರ್ತಿ ಒಳಗೆ ಹೋಯ್ತು, ಮರ ಸೀಳಿ ಬಿಟ್ಟಿದೆ.

ಇಲ್ಲ, ಅಂಥದ್ದೇನಿಲ್ಲ. ಮಾತು ಮರ್ತೇ ಹೋಯ್ತು. ಚಪ್ಪಾಳೆ ತಟ್ಟಿ ಎಲ್ರೂ… ಹೌದು, ಕೈ ಒಂಚೂರೂ ನಡುಗಲಿಲ್ಲ, ನಾನೂ ನೋಡ್ದೆ. ಏನಂದ್ರಿ ತೂರ್‌ಬ್ಯೋರ್ನ್? ಈ ಗಲಾಟೇಲಿ ಕೇಳಿಸ್ಲಿಲ್ಲ. ಫೋನ್ ಮಾಡ್ದಾಗೆಲ್ಲಾ ಹೇಳ್ತಿದ್ಲಾ? ಶುರುವಿನಿಂದ್ಲೂನಾ? ಗುನ್ವರ್ ಥರಾನೇ ಆಗ್ಬೇಕು ಅಂತ…

ಆಗಿದಾಳೆ, ತೂರ್‌ಬ್ಯೋರ್ನ್. ಆಗಿದಾಳೆ. ಬನ್ನಿ, ಕೇಕ್ ಕತ್ತರಿಸೋಣ.